ಫಿಲ್ಟರಿನಲ್ಲಿ ಉಳಿಸಬೇಡಿ, ಬಿಲ್ಲಿನಲ್ಲಿ ಉಳಿಸಿ

ಕಾರಿನ ಸರ್ವಿಸ್ ಖರ್ಚು ತಗ್ಗಿಸಬೇಕು ಅಂದಕೂಡಲೇ ಹಲವರು ಕೈ ಹಾಕುವುದು ಆಯಿಲ್ ಫಿಲ್ಟರಿಗೆ. ‘ಲೋಕಲ್ ಹಾಕ್ಸಿ, ಅರ್ಧ ರೇಟು’ ಎನ್ನುವವರಿದ್ದಾರೆ. ‘ಒಂದು ಸಲ ಬಿಟ್ಟು ಒಂದು ಸಲ ಬದಲಿಸಿದ್ರೆ ಸಾಕು’ ಎನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮ ಪೆಟ್ರೋಲ್ ವ್ಯಾಗನ್ ಆರ್‌ಗೆ ನಾನು ಕಂಪನಿ ಫಿಲ್ಟರ್ ಕೊಂಡದ್ದು 120 ರೂಪಾಯಿ ಆಸುಪಾಸಿಗೆ. ಅದು 10,000 ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ ಬೀಳುವುದು 1.2 ಪೈಸೆ. ಅದರ ಜೊತೆ ಸುರಿಯುವ ಎಂಜಿನ್ ಆಯಿಲ್‌ಗೆ ಇದರ ಹತ್ತುಪಟ್ಟು ಮಿಕ್ಕಿ ಕೊಡುತ್ತೇವೆ. ಅಗ್ಗದ ಫಿಲ್ಟರ್ ಹಾಕಿಸಿದರೆ ಉಳಿಯುವುದು 50–60 ರೂಪಾಯಿ, ಅದೂ ವರ್ಷಕ್ಕೊಮ್ಮೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಎರಡು ಬಗೆಯ ಫಿಲ್ಟರನ್ನೂ ಕೌಂಟರಿನ ಮೇಲೆ ಇಡಿಸಿ ನೋಡಿದ್ದೇನೆ. ಹೊರಗಿನಿಂದ ಎರಡೂ ಒಂದೇ ಥರದ ತಗಡಿನ ಡಬ್ಬಿ. ತಲೆಕೆಳಗು ಮಾಡಿದರೆ ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತಲೂ ಚಿಕ್ಕ ತೂತುಗಳು. ಆಯಿಲ್ ಒಳಹೋಗುವುದು ಚಿಕ್ಕ ತೂತುಗಳಿಂದ, ನೆರಿಗೆ ಹಿಡಿದ ಕಾಗದದಲ್ಲಿ ಸೋಸಿಕೊಂಡು ಹೊರಬರುವುದು ನಡುವಿನಿಂದ. ಚಿಕ್ಕ ತೂತಿನೊಳಗೆ ಒಂದು ರಬ್ಬರ್ ಬಿಲ್ಲೆ ಕಾಣುತ್ತದೆ. ಅಂಗಡಿಯವರು ಬೆಂಕಿಕಡ್ಡಿಯ ತುದಿಯಿಂದ ಅದನ್ನು ಒತ್ತಿ ತೋರಿಸಿದರು. ಕಂಪನಿ ಫಿಲ್ಟರಿನದು ಮೆತ್ತಗೆ ಬಗ್ಗಿ, ಬಿಟ್ಟಕೂಡಲೇ ಮತ್ತೆ ಕೂತಿತು. ಅಗ್ಗದ್ದರ ಬಿಲ್ಲೆ ಬಿರುಸಾಗಿ, ಒಂದು ಬದಿಗೆ ಸರಿದಿತ್ತು. ‘ನೋಡಿ ಸಾರ್, ದುಡ್ಡಿರೋದು ಇದ್ರಲ್ಲೇ’ ಅಂದರು.

ಅವರು ಹೇಳಿದ್ದು ನಿಜ. ಗಾಡಿ ನಿಲ್ಲಿಸಿದಾಗ ಫಿಲ್ಟರಿನಲ್ಲಿರುವ ಆಯಿಲ್ ವಾಪಸ್ ಇಳಿದುಹೋಗದಂತೆ ತಡೆಯುವುದು ಆ ಬಿಲ್ಲೆಯೇ. ಫಿಲ್ಟರ್ ಅಡ್ಡವಾಗಿ ಕೂರುವ ಎಂಜಿನ್‌ಗಳಲ್ಲಂತೂ ಇದು ಬೇಕೇ ಬೇಕು. ಅದು ಸೋತರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಎಂಜಿನ್ ಆಯಿಲ್ ಇಲ್ಲದೆ ತಿರುಗುತ್ತದೆ, ಕಟಕಟ ಸದ್ದು ಬರುತ್ತದೆ. ದಿನಾ ಹೀಗಾದರೆ ಸವೆಯುವುದು ಎಂಜಿನ್.

ಫಿಲ್ಟರ್ ಬದಲಿಸುವುದನ್ನು ಮುಂದೂಡುವುದೂ ಇಷ್ಟೇ ದುಬಾರಿ. ಕಾಗದ ಕಟ್ಟಿಕೊಂಡಾಗ ಎಂಜಿನ್ ಒಣಗದಿರಲೆಂದು ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಆಗ ಸೋಸದ ಆಯಿಲ್ ನೇರವಾಗಿ ಬೇರಿಂಗುಗಳಿಗೆ ಹೋಗುತ್ತದೆ. ಹೊಸ ಆಯಿಲ್ ಹಾಕಿ ಹಳೆಯ ಫಿಲ್ಟರ್ ಉಳಿಸಿಕೊಂಡರೆ ಆಯಿಲ್‌ಗೆ ಕೊಟ್ಟ ದುಡ್ಡೂ ಅಷ್ಟರಮಟ್ಟಿಗೆ ಹಾಳು.

ಹಾಗಂತ ಶೋರೂಮಿನಲ್ಲೇ ಕೊಳ್ಳಬೇಕಿಲ್ಲ. ಬಾಷ್, ಪ್ಯೂರೊಲೇಟರ್, ಎಲೊಫಿಕ್‌ನಂಥ ಹೆಸರುಗಳ ಫಿಲ್ಟರುಗಳೂ ಕೌಂಟರಿನಲ್ಲಿ ಸಿಗುತ್ತವೆ, ಅವೂ ಒಳ್ಳೆಯವೇ. ಹಳೆಯ ಬಿಲ್ಲಿನಲ್ಲಿರುವ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ನಿಮ್ಮ ಎಂಜಿನ್‌ಗೆ ಹೊಂದುವುದನ್ನೇ ಕೇಳಿ. ಎಂಆರ್‌ಪಿಯ ಮೇಲೆ ಸ್ವಲ್ಪ ಬಿಡುತ್ತಾರೆ. ಆದರೆ ಕಾಲು ಬೆಲೆಗೆ ‘ಒರಿಜಿನಲ್’ ಕೊಡುತ್ತೇನೆ ಅಂದವರನ್ನು ನಂಬಬೇಡಿ. ಬಿಲ್ ಕೊಡದವರ ಹತ್ತಿರ ಕೊಳ್ಳಲೇಬೇಡಿ. ವಾರಂಟಿ ಇರುವ ಗಾಡಿಗೆ ಆ ಬಿಲ್ಲು ಇನ್ನೂ ಮುಖ್ಯ.

ನಿಜವಾಗಿ ಉಳಿಸಬಹುದಾದ ದುಡ್ಡಿರುವುದು ಸರ್ವಿಸ್ ಬಿಲ್ಲಿನ ಬೇರೆ ಸಾಲುಗಳಲ್ಲಿ. ಒಂದು ವರ್ಕ್‌ಶಾಪಿನ ಎಸ್ಟಿಮೇಟಿನಲ್ಲಿ ನಾನು ಕೇಳದ ಎಂಜಿನ್ ಫ್ಲಶ್, ಆಯಿಲ್‌ಗೆ ಬೆರೆಸುವ ಯಾವುದೋ ಸೀಸೆ, ಕನ್ಸ್ಯೂಮಬಲ್ಸ್ ಎಂಬ ಒಟ್ಟು ಮೊತ್ತ ಎಲ್ಲ ಸೇರಿದ್ದವು. ಫಿಲ್ಟರಿನ ಬೆಲೆ ಅವುಗಳ ಮುಂದೆ ಏನೇನೂ ಅಲ್ಲ. ‘ಮ್ಯಾನ್ಯುಯಲ್‌ನಲ್ಲಿ ಇಲ್ಲದ್ದು ನನಗೆ ಬೇಡ, ತೆಗೀರಿ’ ಅಂದೆ. ಮರುಮಾತಿಲ್ಲದೆ ತೆಗೆದರು. ಕೇಳುವವರಿಗೆ ತೆಗೆಯುತ್ತಾರೆ, ಕೇಳದವರು ಕಟ್ಟುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಫಿಲ್ಟರ್ ಕೂರಿಸುವಾಗ ಪಕ್ಕದಲ್ಲೇ ನಿಂತಿರಿ. ಹಳೆಯ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳಿದಿಲ್ಲ ತಾನೇ ಅಂತ ಕೇಳಿ. ಹೊಸ ರಿಂಗಿಗೆ ಬೆರಳಿನಿಂದ ತುಸು ಆಯಿಲ್ ಸವರಿ, ಕೈಯಲ್ಲೇ ಬಿಗಿ ಮಾಡಬೇಕು, ಸ್ಪ್ಯಾನರ್ ಹಾಕಿ ಜಗ್ಗಬಾರದು. ಆಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡಲಿ, ಕೆಳಗೆ ಬಗ್ಗಿ ನೋಡಿ. ಹನಿ ಬೀಳದಿದ್ದರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಸರಿಯಿದ್ದರೆ, ದುಡ್ಡು ಕೊಟ್ಟು ಹೊರಡಿ.