ಸ್ಮಿತ್ ಅಂದ್ರೆ ನಮ್ಮ ಕಮ್ಮಾರ

ಕಾರ್ಖಾನೆಗಳು ಬರ್ತಾವೆ ಅಂತ ಹೆಸರಿಟ್ಟ ಊರು ನಮ್ಮ ಫ್ಯಾಕ್ಟೋರಿಯಾ. ಈಗ ಇರೋದು ಮಾಲು, ಆಫೀಸು. ‘ಸ್ಮಿತ್’ ಎಂಬ ಅಡ್ಡಹೆಸರಿನಲ್ಲೂ ಹೀಗೇ, ಕೆಲಸ ಹೋಗಿ ಹೆಸರು ಉಳಿದಿದೆ. ಹಳೆಯ ಇಂಗ್ಲಿಷಿನಲ್ಲಿ ಅದರರ್ಥ ಲೋಹದ ಕೆಲಸದವನು. ನೇಗಿಲಿನ ಕುಳ, ಕುದುರೆಯ ಲಾಳ ಅಂತ ಊರೂರಿಗೂ ಒಬ್ಬ ಬೇಕಿತ್ತು. ಹಾಗಾಗಿ ಹೆಸರು ಹಬ್ಬಿತು. 2010ರ ಜನಗಣತಿಯಲ್ಲಿ ಅಮೆರಿಕದ ಸ್ಮಿತ್‌ಗಳು 24 ಲಕ್ಷಕ್ಕೂ ಹೆಚ್ಚು, ಮೊದಲ ಸ್ಥಾನ.

ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ ಅಂತ ಅಡ್ಡಹೆಸರುಗಳಿವೆ. ‘ಕಮ್ಮಾರ’ದ ಮೂಲ ಸಂಸ್ಕೃತದ ‘ಕರ್ಮಾರ’. ಅರ್ಥವೇನೋ ಒಂದೇ. ಆದರೆ ಸ್ಮಿತ್ ಅಂದರೆ ಯಾರೂ ಕುಲುಮೆ ನೆನೆಯುವುದಿಲ್ಲ. ಕಮ್ಮಾರ ಅಂದ ಕೂಡಲೇ ನಮ್ಮವರೇ ಜಾತಿ ಲೆಕ್ಕ ಹಾಕ್ತಾರೆ. ಅದಕ್ಕೇ ನಮ್ಮಲ್ಲಿ ಕೆಲವರು ಇಲ್ಲಿನ ಅರ್ಜಿಗಳ ‘ಲಾಸ್ಟ್ ನೇಮ್’ ಜಾಗದಲ್ಲಿ ಅಪ್ಪನ ಹೆಸರು ಬರೆದುಬಿಟ್ಟಿದ್ದೇವೆ.