ಆಟದ ಯಂತ್ರದ ಬೆಲೆ ಇಳಿಯುವುದೇಕೆ, ಏರುವುದೇಕೆ?

ವಿಡಿಯೋ ಗೇಮ್ ಆಡುವ ಯಂತ್ರವೊಂದನ್ನು ಕೊಳ್ಳಬೇಕೆಂದು ಹಣ ಕೂಡಿಡುತ್ತಿರುವ ವಿದ್ಯಾರ್ಥಿಗಳು ನಮ್ಮಲ್ಲಿ ಕಡಮೆಯಿಲ್ಲ. ಇಂಥ ಯಂತ್ರಗಳು ಹಿಂದೆ ಹಳೆಯವಾದಂತೆಲ್ಲ ಅಗ್ಗವಾಗುತ್ತಿದ್ದುವು. ಆದರೆ 2021ರ ಫೆಬ್ರುವರಿಯಲ್ಲಿ 49,990 ರೂಪಾಯಿಗೆ ಭಾರತದ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 5 ಯಂತ್ರಕ್ಕೆ 2022ರ ನವೆಂಬರಿನಲ್ಲಿ 54,990 ರೂಪಾಯಿಯಾಯಿತು. ಕಾದವನಿಗೆ ನಷ್ಟವೇ ಆಯಿತು! ಹೀಗೇಕೆಂಬುದನ್ನು ತಿಳಿಯಬೇಕಾದರೆ ನಾವು ತಯಾರಿಕೆಯ ಲೆಕ್ಕವನ್ನು ನೋಡಬೇಕು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಪೀಣ್ಯದಲ್ಲಿ, ಪ್ಲಾಸ್ಟಿಕ್ ಎರಕದ ಸಣ್ಣ ಕಾರ್ಖಾನೆಗಳುಂಟು. ಅಲ್ಲಿ ಯಾವ ಡಬ್ಬಿಯನ್ನು ಮಾಡಬೇಕಾದರೂ ಮೊದಲು ಅದರ ಉಕ್ಕಿನ ಅಚ್ಚು, ಅಂದರೆ ಮೋಲ್ಡ್, ಸಿದ್ಧವಾಗಬೇಕು. ಅಚ್ಚಿಗೆ 5 ಲಕ್ಷ ರೂಪಾಯಿ, ಒಂದೊಂದು ಡಬ್ಬಿಯ ಪ್ಲಾಸ್ಟಿಕ್ಕಿಗೂ ಕೂಲಿಗೂ 20 ರೂಪಾಯಿ ಎಂದು ಲೆಕ್ಕಕ್ಕಾಗಿ ಭಾವಿಸೋಣ. ಸಾವಿರ ಡಬ್ಬಿ ಮಾಡಿದರೆ ಒಂದರ ಅಸಲು 520 ರೂಪಾಯಿ. ಲಕ್ಷ ಮಾಡಿದರೆ ಕೇವಲ 25. ಪ್ಲಾಸ್ಟಿಕ್ ಅದೇ, ಅಚ್ಚೂ ಅದೇ, ಸಂಖ್ಯೆಯೊಂದೇ ಬೇರೆ.

ಈ ಲೆಕ್ಕದ ಕಠಿಣ ಪೆಟ್ಟನ್ನು ತಿಂದ ಯಂತ್ರವೊಂದು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತ್ತು. ಅದೇ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ಹಳ್ಳಿಯವರಿಗೂ ಎಟುಕುವಂತಹ ಕೈಗಣಕವನ್ನು ರೂಪಿಸಿದರು. ಸುಮಾರು 9,000 ರೂಪಾಯಿಗೆ ಅದನ್ನು ಕೊಡಬೇಕೆಂಬುದು ಅವರ ಗುರಿ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ಮಾದರಿ 2004ರ ಮಾರ್ಚಿನಲ್ಲಿ ಹೊರಬಂತು. ಸಾಧನವನ್ನು ಓರೆಮಾಡಿದರೆ ಪರದೆಯ ಮೇಲೆ ಗೋಲಿ ಉರುಳುವ ಆಟವೂ ಅದರಲ್ಲಿತ್ತು. ಇಂದಿನ ಫೋನುಗಳಲ್ಲಿ ಸಾಮಾನ್ಯವಾಗಿರುವ ವೇಗೋತ್ಕರ್ಷಮಾಪಕವು ಅಂದೇ ಅದರೊಳಗೆ ಕುಳಿತಿತ್ತು. ಆದರೆ ಬೆಲೆ ಗುರಿಯನ್ನು ಮೀರಿತು. ವರ್ಣಪರದೆಯ ಮಾದರಿಗಳಂತೂ ಇನ್ನೂ ದುಬಾರಿಯಾದುವು. ಮಾರಾಟವಾದದ್ದು ಕೆಲವೇ ಸಾವಿರ. ಸಂಖ್ಯೆ ಕಡಮೆಯಾದುದರಿಂದ ಬೆಲೆ ಇಳಿಯಲಿಲ್ಲ, ಬೆಲೆ ಇಳಿಯದುದರಿಂದ ಸಂಖ್ಯೆ ಏರಲಿಲ್ಲ. ಯೋಜನೆಯ ವಿಜ್ಞಾನದಲ್ಲಿ ದೋಷವಿತ್ತೆಂದು ನಮಗೆ ತೋರುವುದಿಲ್ಲ.

ದೊಡ್ಡ ಕಂಪನಿಗಳು ಈ ಸುಳಿಯಿಂದ ಪಾರಾಗುವ ಬಗೆ ಬೇರೆ. 2006ರ ನವೆಂಬರಿನಲ್ಲಿ ಸೋನಿ ಕಂಪನಿಯು ಪ್ಲೇಸ್ಟೇಷನ್ 3ರ ಮೇಲ್ದರ್ಜೆಯ ಮಾದರಿಯನ್ನು ಅಮೆರಿಕದಲ್ಲಿ 599 ಡಾಲರಿಗೆ ಮಾರಿತು. ಐಸಪ್ಲೈ ಎಂಬ ಸಂಸ್ಥೆ ಅದನ್ನು ಬಿಚ್ಚಿ, ಬಿಡಿಭಾಗಗಳಿಗೆ ಬೆಲೆ ಕಟ್ಟಿ, ತಯಾರಿಕೆಗೇ ಸುಮಾರು 840 ಡಾಲರ್ ಆಗುವುದೆಂದು ಅಂದಾಜುಮಾಡಿತು. ಅಂದರೆ ಯಂತ್ರವೊಂದಕ್ಕೆ 240 ಡಾಲರಿನಷ್ಟು ನಷ್ಟ! ಅದರ ನೀಲಿ ಲೇಸರ್ ಆಗ ಹೊಸದು, ವಿರಳ. ಅದರ ಕೊರತೆಯಿಂದಲೇ ಯೂರೋಪಿನ ಬಿಡುಗಡೆ 2007ರ ಮಾರ್ಚಿಗೆ ಹೋಯಿತು. ಕಂಪನಿಯು ನಷ್ಟವನ್ನು ತಾಳುವುದೇಕೆ? ಮಾರಾಟವಾಗುವ ಪ್ರತಿಯೊಂದು ಆಟದಿಂದಲೂ ಅದಕ್ಕೆ ಪಾಲು ಸಲ್ಲುವುದು. ಸಿಂಪ್ಯೂಟರಿಗೆ ಇಂಥ ಎರಡನೆಯ ಆದಾಯವಿರಲಿಲ್ಲ.

ಇನ್ನು ಕಾಲಕ್ರಮದಲ್ಲಿ ಅಸಲು ಇಳಿಯುವುದಕ್ಕೆ ಭೌತಶಾಸ್ತ್ರದ ಕಾರಣವೊಂದುಂಟು. ಚಿಪ್ಪುಗಳನ್ನು 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ರಚಿಸುತ್ತಾರೆ. ಬಿಲ್ಲೆಯ ವಿಸ್ತೀರ್ಣ ಸುಮಾರು 707 ಚದರ ಸೆಂಟಿಮೀಟರ್. ಅದರಲ್ಲಿ ಅಲ್ಲಲ್ಲಿ ದೋಷಗಳು ಬೀಳುವುವು. ದೋಷ ಬಿದ್ದ ಚಿಪ್ಪು ಸಾಮಾನ್ಯವಾಗಿ ಕೆಟ್ಟಂತೆಯೇ. ಚದರ ಸೆಂಟಿಮೀಟರಿಗೆ ಸರಾಸರಿ 0.25 ದೋಷವೆಂದು ಭಾವಿಸಿ. ಚಿಪ್ಪು 2 ಚದರ ಸೆಂಟಿಮೀಟರಿನದಾದರೆ ದೋಷರಹಿತವಾದವುಗಳ ಪ್ರಮಾಣ ಇ ಎಂಬ ಸಂಖ್ಯೆಯ ಋಣ 0.5ನೆಯ ಘಾತ, ಅಂದರೆ ಶೇಕಡ 61. ಅಂಚಿನ ವ್ಯರ್ಥಭಾಗವನ್ನು ಬಿಟ್ಟರೆ, 353 ಚಿಪ್ಪುಗಳಲ್ಲಿ ಸುಮಾರು 214 ಒಳ್ಳೆಯವು. ಅದೇ ಮಂಡಲವನ್ನು 1 ಚದರ ಸೆಂಟಿಮೀಟರಿಗೆ ಕುಗ್ಗಿಸಿದರೆ ಶೇಕಡ 78 ಉಳಿದು, 707ರಲ್ಲಿ ಸುಮಾರು 550 ಸಿಕ್ಕುವುವು. ವಿಸ್ತೀರ್ಣ ಅರ್ಧವಾದರೆ ಫಸಲು ಎರಡೂವರೆ ಪಟ್ಟು! ಪ್ಲೇಸ್ಟೇಷನ್ 3ರ ಮುಖ್ಯ ಚಿಪ್ಪು 90 ನ್ಯಾನೋಮೀಟರ್ ವಿಧಾನದಿಂದ 45ಕ್ಕೆ ಇಳಿದಾಗ, 2009ರಲ್ಲಿ, ತೆಳುವಾದ ಹೊಸ ಮಾದರಿ 299 ಡಾಲರಿಗೆ ಬಂದುದು ಆಶ್ಚರ್ಯವಲ್ಲ.

ಈ ಕುಗ್ಗಿಸುವಿಕೆ ಈಗ ಮೊದಲಿನಷ್ಟು ಲಾಭ ಕೊಡುತ್ತಿಲ್ಲ. ರಚನೆ ಸೂಕ್ಷ್ಮವಾದಂತೆ ಕಾರ್ಖಾನೆಯ ಯಂತ್ರಗಳೂ ಬಿಲ್ಲೆಯ ಬೆಲೆಯೂ ಏರುತ್ತವೆ. ಫಸಲಿನ ಗಳಿಕೆಯನ್ನು ಅದು ನುಂಗಿಹಾಕುತ್ತದೆ. ಪ್ಲೇಸ್ಟೇಷನ್ 5ರ ಚಿಪ್ಪು 2022ರಲ್ಲಿ 7 ನ್ಯಾನೋಮೀಟರಿನಿಂದ 6ಕ್ಕೆ ಮಾತ್ರ ಇಳಿಯಿತು.

ನಮ್ಮ ದೇಶದಲ್ಲಿ ಇದಕ್ಕೆ ಆಮದು ಸುಂಕವೂ ತೆರಿಗೆಯೂ ಕೂಡುವುವು. 2018ರ ಡಿಸೆಂಬರಿನಲ್ಲಿ ಜಿ.ಎಸ್.ಟಿ. ಮಂಡಳಿಯು ಈ ಯಂತ್ರಗಳ ತೆರಿಗೆಯನ್ನು ಶೇಕಡ 28ರಿಂದ 18ಕ್ಕೆ ಇಳಿಸಿತು. ಮೇಲೆ ರೂಪಾಯಿಯ ಮೌಲ್ಯವೊಂದಿದೆ. 2021ರ ಫೆಬ್ರುವರಿಯಲ್ಲಿ ಡಾಲರಿಗೆ ಸುಮಾರು 73 ರೂಪಾಯಿ. 2022ರ ನವೆಂಬರಿನಲ್ಲಿ ಸುಮಾರು 82. ಭಾಗಿಸಿ ನೋಡಿದರೆ ಹಳೆಯ ಬೆಲೆ 685 ಡಾಲರ್, ಹೊಸ ಬೆಲೆ 671. ನಮಗೆ 5,000 ರೂಪಾಯಿ ಏರಿದಾಗ ಡಾಲರಿನ ಲೆಕ್ಕದಲ್ಲಿ ಅದು ತುಸು ಇಳಿದೇ ಇತ್ತು. ಅಮೆರಿಕದವರ ಸರದಿ ಅನಂತರ ಬಂತು: ಅಲ್ಲಿ 2020ರಲ್ಲಿ 499 ಡಾಲರಿಗೆ ಹೊರಟ ಯಂತ್ರಕ್ಕೆ 2025ರ ಆಗಸ್ಟಿನಲ್ಲಿ 549 ಡಾಲರಾಯಿತು.