ಮೂರು ಬಗೆಯ ಪುಡಿ

ಉದ್ಯಮಶೀಲತೆ ಮತ್ತು ಸಂಸ್ಥೆಗಳಲ್ಲಿನ ಮಾನವವರ್ತನೆಯನ್ನು ಕುರಿತ ನನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಏಳು ತಿಂಗಳ ಪರಿಶ್ರಮದಿಂದ ಬರೆದು, ಮಾರ್ಗದರ್ಶಕರ ಸಮ್ಮತಿಯನ್ನೂ ಸಹಪಾಠಿಗಳ ಪ್ರಶಂಸೆಯನ್ನೂ ಪಡೆದಿದ್ದ ನಲವತ್ತು ಪುಟಗಳ ಅಧ್ಯಾಯವೊಂದನ್ನು ನಾನೇ ಕೈಯಾರೆ ತೆಗೆದುಹಾಕಿ ಈಗ್ಗೆ ಎರಡು ವರ್ಷಗಳಾದುವು. ಅದರಲ್ಲಿ ಉದ್ಧರಿಸಿದ್ದ ಮಾತುಗಳೆಲ್ಲ ಯಥಾವತ್ತಾಗಿದ್ದುವು, ವಾದಸರಣಿಯೂ ಸುಸಂಬದ್ಧವಾಗಿತ್ತು. ಹೀಗಿದ್ದೂ ಅದನ್ನು ತೆಗೆಯಬೇಕಾದುದು ಏತಕ್ಕೆಂಬುದನ್ನು, ಇದೇ ಹಾದಿಯಲ್ಲಿ ಈಗ ಹೊರಟಿರುವ ಕನ್ನಡದ ತರುಣ ತರುಣಿಯರಿಗಾಗಿ ಬರೆದಿಡುವುದು ಉಚಿತವೆಂದು ನನಗೆ ತೋರಿದೆ.

ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಪುನಃ ವಿದ್ಯಾರ್ಥಿನಿಯಾದವಳು ನಾನು. ನಮ್ಮ ವಾಸವಿರುವುದು ಯೂನಿಯನ್ ಸಿಟಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವತೀರದಲ್ಲಿ, ಆಲ್ವರಾಡೋ ಮತ್ತು ಡಿಕೋಟೋ ಎಂಬ ಎರಡು ಹಳೆಯ ಊರುಗಳು 1959ರಲ್ಲಿ ಒಂದುಗೂಡಿ ಆದ ಪಟ್ಟಣವದು. 1980ರಿಂದ 1998ರವರೆಗೆ ಸಿಲಿಕಾನ್ ಕಣಿವೆಯಲ್ಲಿ ಹುಟ್ಟಿದ ತಂತ್ರಜ್ಞಾನ ಕಂಪೆನಿಗಳಲ್ಲಿ ಶೇಕಡ 24ರಷ್ಟನ್ನು ಚೀನೀ ಅಥವಾ ಭಾರತೀಯ ಮೂಲದವರು ನಡೆಸುತ್ತಿದ್ದರೆಂದು ಬರ್ಕಲಿಯ ವಿದುಷಿ ಅನ್ನಾಲೀ ಸ್ಯಾಕ್ಸೇನಿಯನ್ 1999ರಲ್ಲಿ ತೋರಿಸಿಕೊಟ್ಟ ತರುವಾಯ, ವಲಸೆಬಂದವರ ಉದ್ಯಮವೆಂದೊಡನೆ ಎಲ್ಲರ ದೃಷ್ಟಿಯೂ ಚಿಪ್ ಮತ್ತು ಸಾಫ್ಟ್‌ವೇರುಗಳ ಕಡೆಗೆ ಹರಿಯುವುದು ವಾಡಿಕೆಯಾಗಿತ್ತು. ನನಗಾದರೋ ನಮ್ಮ ಬೀದಿಯ ಆಚೆಯ ತುದಿಯಿಂದ ವಾರಕ್ಕೆ ಎರಡು ದಿನ ಬೆಳಗಿನಲ್ಲಿ ತೇಲಿಬರುತ್ತಿದ್ದ ಹುರಿದ ಕೊತ್ತಂಬರಿ ಬೀಜದ ಪರಿಮಳವೇ ವಿಷಯವನ್ನು ಸೂಚಿಸಿತು.

ಅಲ್ಲಿದ್ದವರು ಹಾಸನದ ಕಡೆಯ ದಂಪತಿಗಳು. ಮನೆಯ ಅಡುಗೆಮನೆಯಲ್ಲಿಯೇ ಕೆಲವು ಬಗೆಯ ಆಹಾರಪದಾರ್ಥಗಳನ್ನು ತಯಾರಿಸಿ ಮಾರಲು ಅವಕಾಶವೀಯುವ ಕ್ಯಾಲಿಫೋರ್ನಿಯದ ಕಾನೂನು 2013ರ ಜನವರಿಯಲ್ಲಿ ಜಾರಿಗೆ ಬಂದಿತು. ಮೊದಲ ವರ್ಷ 35,000 ಡಾಲರು, ಎರಡನೆಯ ವರ್ಷ 45,000, 2015ರಿಂದ 2021ರವರೆಗೆ 50,000 ಎಂದು ಮಾರಾಟಕ್ಕೆ ಮಿತಿಯಿತ್ತು; ಮನೆಯವರನ್ನು ಬಿಟ್ಟರೆ ಒಬ್ಬರನ್ನು ಮಾತ್ರ ಕೆಲಸಕ್ಕಿಟ್ಟುಕೊಳ್ಳಬಹುದೆಂದು ನಿಯಮ; ಪೊಟ್ಟಣದ ಮೇಲೆ ಇದು ಮನೆಯ ಅಡುಗೆಮನೆಯಲ್ಲಿ ತಯಾರಾದುದೆಂದು ಅಚ್ಚುಹಾಕಿಸತಕ್ಕದ್ದು. ಈ ಚೌಕಟ್ಟಿನೊಳಗೆ ಅವರು 2014ರಿಂದ ಸಾರಿನ ಪುಡಿ, ಹುರಿಗಡಲೆ ಚಟ್ನಿಪುಡಿ, ಅಗಸೆ ಚಟ್ನಿಪುಡಿ ಎಂಬ ಮೂರು ಪದಾರ್ಥಗಳನ್ನು ಮಾಡಿ ಮಾರುತ್ತಿದ್ದರು. ಸಮ್ಮತಿಪತ್ರಕ್ಕೆ ಸಹಿ ಹಾಕಿಸಿಕೊಂಡು, ಫೋನನ್ನು ಧ್ವನಿಮುದ್ರಣಕ್ಕಾಗಿ ಮೇಜಿನ ಮೇಲಿಟ್ಟು, ನಾನು ಕೇಳಿದ ಮೊದಲನೆಯ ಪ್ರಶ್ನೆ, ಮೂರೇ ಪದಾರ್ಥವನ್ನು ಏಕೆ ಆರಿಸಿಕೊಂಡಿರಿ ಎಂಬುದು. ಯಜಮಾನರು ಕ್ಷಣಮಾತ್ರವೂ ಯೋಚಿಸಲಿಲ್ಲ. "ಹತ್ತು ಸಾಮಾನು ಮಾಡಿ ಕೆಡಿಸೋದಕ್ಕಿಂತ ಮೂರನ್ನ ನೆಟ್ಟಗೆ ಮಾಡೋಣ ಅಂತ ಮೊದಲೇ ನಿರ್ಧಾರ ಮಾಡಿದ್ವಿ" ಎಂದರು. ಮತ್ತೆರಡು ಭೇಟಿಗಳಲ್ಲಿಯೂ ಅದೇ ಮಾತು, ಅದೇ ಕ್ರಮದಲ್ಲಿ ಬಂದಿತು. ಒಂದೇ ಮಾತು ಮೂರು ಸಲ ಬಂದುದನ್ನು ನಾನು ಸತ್ಯದ ಲಕ್ಷಣವೆಂದು ಭಾವಿಸಿದೆ. ಹಲವು ಸಲ ಹೇಳಿ ಹೇಳಿ ನಯವಾದ ಕಥೆಯೂ ಹಾಗೆಯೇ ಬರುವುದೆಂಬ ವಿವೇಕ ನನಗಾಗ ಇರಲಿಲ್ಲ.

ಸ್ಥಾಪಕರ ಸಂಕಲ್ಪ, ಏಕಾಗ್ರತೆ, ಸ್ವಯಂನಿರ್ಬಂಧ ಇವುಗಳನ್ನು ಕುರಿತು ಆ ನಲವತ್ತು ಪುಟಗಳು ಹುಟ್ಟಿದ್ದು ಹೀಗೆ. ಹೊಸ ಸಂಸ್ಥೆಗಳು ಹಳೆಯವುಗಳಿಗಿಂತ ಹೆಚ್ಚಾಗಿ ಅಳಿಯುವುದು ಏಕೆಂಬುದನ್ನು ಸಮಾಜಶಾಸ್ತ್ರಜ್ಞ ಆರ್ಥರ್ ಸ್ಟಿಂಚ್‌ಕೋಂಬ್ 1965ರಲ್ಲಿ ವಿವೇಚಿಸಿ, ಹೊಸ ಪಾತ್ರಗಳನ್ನು ಕಲಿಯುವ ಕಷ್ಟವನ್ನೂ ಅಪರಿಚಿತರು ಪರಸ್ಪರ ನಂಬಬೇಕಾದ ಕಷ್ಟವನ್ನೂ ಎತ್ತಿ ತೋರಿಸಿದ್ದನು. ಗಂಡಹೆಂಡಿರು ಅಪರಿಚಿತರಲ್ಲವಷ್ಟೆ, ಆದಕಾರಣ ಇವರ ಉದ್ಯಮ ಉಳಿಯಿತೆಂದು ನಾನು ಸರಾಗವಾಗಿ ವಾದಿಸಿದ್ದೆ.

ಅಧ್ಯಾಯ ಮುಗಿದ ಮೇಲೆ, ಒಂದೆರಡು ಅಂಕಿಗಳನ್ನು ಖಚಿತಪಡಿಸಿಕೊಳ್ಳಲೆಂದು ಹೋದ ದಿನ ಯಜಮಾನರು ಮನೆಯಲ್ಲಿರಲಿಲ್ಲ. ಅಕ್ಕ, ಅವರನ್ನು ನಾನು ಹಾಗೆಯೇ ಕರೆಯುವುದು, ತಮ್ಮ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟು ಕಾಫಿ ಮಾಡಲು ಹೋದರು. ಪುಟಗಳನ್ನು ತಿರುವುತ್ತಿರಲು 2017ರ ಆಗಸ್ಟ್ 11ನೆಯ ತಾರೀಖಿನ ಕೆಳಗಿನ ಸಾಲಿನಲ್ಲಿಯೇ ಮುಂದಿನ ಜನವರಿ 16 ಎಂದಿದ್ದುದು ಕಣ್ಣಿಗೆ ಬಿದ್ದಿತು. ಆಗಸ್ಟಿನವರೆಗಿನ ಪುಟಗಳಲ್ಲಿ ವಾಂಗೀಬಾತಿನ ಪುಡಿ, ಬಿಸಿಬೇಳೆಬಾತಿನ ಪುಡಿ, ಮೆಂತ್ಯದ ಹಿಟ್ಟು ಮುಂತಾಗಿ ಒಂಬತ್ತು ಪದಾರ್ಥಗಳ ಹೆಸರುಗಳಿದ್ದುವು. ಜನವರಿಯ ಈಚೆಗೆ ಮೂರು ಮಾತ್ರ.

"ಅಕ್ಕಾ, ಇಲ್ಲಿ ಐದು ತಿಂಗಳು ಏನೂ ಬರೆದೇ ಇಲ್ಲವಲ್ಲ?" ಎಂದೆ.

"ಕೈ ಕಣಮ್ಮಾ. ಬಾಣಲೆಯಲ್ಲಿ ಆಡಿಸೀ ಆಡಿಸೀ ಮಣಿಕಟ್ಟು ಊದ್ಕೊಂಡಿತ್ತು. ಒಲೆ ಹತ್ರ ನಿಲ್ಲೋಕೇ ಆಗ್ಲಿಲ್ಲ, ನಿಲ್ಲಿಸಿಬಿಟ್ವಿ. ಆಮೇಲೆ ಒಂಬತ್ತು ಆಗಲ್ಲ ಅಂತ, ಯಾವುದಕ್ಕೆ ಕೈ ತಡೆಯುತ್ತೋ ಅದನ್ನ ಇಟ್ಕೊಂಡೆ. ಹೇಗೋ ಸುಧಾರಿಸ್ಕೊಂಡ್ವಿ."

ನಾನು ಉದ್ಯಮತಂತ್ರವೆಂದು ಬಣ್ಣಿಸಿದ್ದುದು ಒಬ್ಬ ಹೆಂಗಸಿನ ಮಣಿಕಟ್ಟಿನ ನೋವಾಗಿತ್ತು. ಯಜಮಾನರು ನನ್ನನ್ನು ವಂಚಿಸಿದರೆಂದು ನಾನು ಎಂದೂ ತಿಳಿದಿಲ್ಲ. ಗೆದ್ದುಬಂದ ಮೇಲೆ ಹಿಂದಿನ ದಾರಿಯೆಲ್ಲ ನೇರವಾಗಿ ಕಾಣುವುದು ಮನುಷ್ಯಸ್ವಭಾವ. ಆ ಐದು ತಿಂಗಳು ಅವರ ಸ್ಮರಣೆಯಲ್ಲಿ ಕರಗಿಹೋಗಿದ್ದುವು, ಮೂರು ಪುಡಿಗಳು ಮೊದಲಿನಿಂದಲೂ ಮೂರೇ ಆಗಿಬಿಟ್ಟಿದ್ದುವು. ಲೋಪವೆಲ್ಲ ನನ್ನದು. ಒಂದು ಮನೆಯ ಉದ್ಯಮವನ್ನು ಅಭ್ಯಸಿಸಲು ಹೋಗಿ, ಬಾಣಲೆಯ ಮುಂದೆ ನಿಲ್ಲುತ್ತಿದ್ದವರನ್ನು ಬಿಟ್ಟು ಮಾತನಾಡುತ್ತಿದ್ದವರನ್ನೇ ನಾನು ಸ್ಥಾಪಕರೆಂದು ಬರೆದುಕೊಂಡಿದ್ದೆ. ಅಕ್ಕ ಮೂರು ಭೇಟಿಗಳಲ್ಲಿಯೂ ಅದೇ ಕೋಣೆಯಲ್ಲಿದ್ದರು. ಧ್ವನಿಮುದ್ರಣದಲ್ಲಿ ಅವರದೆಂದು ಇದ್ದುದು ಲೋಟಗಳ ಸದ್ದು ಮಾತ್ರ. ಇದನ್ನು ನೆನೆದಾಗ ಇಂದಿಗೂ ನನಗೆ ಸಂಕೋಚವಾಗುತ್ತದೆ.

ನಮ್ಮ ಊರಿನ ಹಳೆಯ ಇತಿಹಾಸವನ್ನೇ ಸರಿಯಾಗಿ ಓದಿದ್ದರೆ ನಾನು ಎಚ್ಚರಗೊಳ್ಳಬಹುದಾಗಿತ್ತು. ಅಮೆರಿಕದ ಮೊತ್ತಮೊದಲ ಯಶಸ್ವೀ ಬೀಟ್‌ಸಕ್ಕರೆಯ ಕಾರ್ಖಾನೆ ಆಲ್ವರಾಡೋದಲ್ಲಿ ಎಬನೀಸರ್ ಡೈಯರ್ ಎಂಬಾತನ ಹೊಲದಲ್ಲಿ ಆರಂಭವಾಯಿತೆಂದೂ, 1870ರ ನವೆಂಬರ್ 15ರಂದು ಗೆಡ್ಡೆಗಳನ್ನು ಅರೆಯಲು ತೊಡಗಿ ಮೊದಲ ಹಂಗಾಮಿನಲ್ಲಿ 293 ಟನ್ ಸಕ್ಕರೆಯನ್ನು ತೆಗೆಯಿತೆಂದೂ ಚರಿತ್ರೆ ಹೇಳುತ್ತದೆ. ಆದರೆ ಆ ಮೊದಲ ಕಂಪೆನಿ ಕೆಲವೇ ವರ್ಷಗಳಲ್ಲಿ ಮುರಿದುಬಿದ್ದು ಯಂತ್ರಗಳು ಬೇರೆ ಊರಿಗೆ ಸಾಗಿಹೋದುದೂ, 1879ರಲ್ಲಿ ಡೈಯರ್ ಹೊಸ ಕಂಪೆನಿಯನ್ನು ಕಟ್ಟಿ ಅಲ್ಲಿಯೇ ಪುನಃ ಆರಂಭಿಸಿದುದೂ 'ಯಶಸ್ವೀ' ಎಂಬ ಒಂದು ವಿಶೇಷಣದ ಕೆಳಗೆ ಹೂತುಹೋಗಿವೆ. ಸಕ್ಕರೆಯಿಲ್ಲದ ಆ ವರ್ಷಗಳಲ್ಲಿ ಆ ಹೊಲದಲ್ಲಿ ಯಾರು ಏನು ಮಾಡುತ್ತಿದ್ದರೆಂಬುದು, ಉದ್ಯಮವನ್ನು ಅಭ್ಯಸಿಸುವವರಿಗೆ 293 ಟನ್ನಿಗಿಂತ ಮಿಗಿಲಾದ ಪ್ರಶ್ನೆಯೆಂದು ಈಗ ನನಗೆ ಅನ್ನಿಸುತ್ತದೆ.

ನಮ್ಮ ಶಾಸ್ತ್ರದಲ್ಲಿ ಈ ತೊಡಕನ್ನು ಮೊದಲೇ ಮನಗಂಡು ಉಪಾಯ ಹುಡುಕಿದವರಿದ್ದಾರೆ. ಹರ್ಬರ್ಟ್ ಸೈಮನ್ನರ ಶಿಷ್ಯೆಯಾದ ಸರಸ್ ಸರಸ್ವತಿಯವರು ನುರಿತ 27 ಮಂದಿ ಉದ್ಯಮಿಗಳನ್ನು ಅಭ್ಯಸಿಸುವಾಗ, ನೀವು ಹೇಗೆ ಯಶಸ್ವಿಗಳಾದಿರಿ ಎಂದು ಕೇಳಲಿಲ್ಲ. ಕಲ್ಪಿತ ವ್ಯಾಪಾರವೊಂದರ ಸಮಸ್ಯೆಯನ್ನು ಅವರ ಮುಂದಿಟ್ಟು, ಅದನ್ನು ಬಿಡಿಸುತ್ತಿರುವಾಗಲೇ ಮನಸ್ಸಿನಲ್ಲಿ ಹಾಯ್ದುದನ್ನೆಲ್ಲ ಬಾಯಿಬಿಟ್ಟು ಹೇಳುವಂತೆ ಕೋರಿದರು. ಗುರಿಯಿಂದ ಹೊರಟು ಸಾಧನಗಳನ್ನು ಹುಡುಕುವುದಕ್ಕೆ ಬದಲಾಗಿ, ಕೈಯಲ್ಲಿರುವುದರಿಂದ ಹೊರಟು ಏನಾದೀತೆಂದು ನೋಡುವುದು ಅಂಥವರ ರೀತಿಯೆಂಬ 2001ರ ಅವರ ಸಿದ್ಧಾಂತವನ್ನು ಅರ್ಹತಾ ಪರೀಕ್ಷೆಗಾಗಿ ನಾನು ಪದಶಃ ಓದಿದ್ದೆ. ಅದನ್ನು ಕಂಡ ಬಗೆ ಯಾವುದೆಂಬುದು ಮಾತ್ರ ನನ್ನ ತಲೆಗೆ ಹೋಗಿರಲಿಲ್ಲ. ಸಂಶೋಧನ ವಿದ್ಯಾರ್ಥಿಗಳಾದ ನಾವು ಇತರರ ನಿರ್ಣಯಗಳನ್ನು ಕಂಠಸ್ಥ ಮಾಡುವಷ್ಟು ಶ್ರದ್ಧೆಯಿಂದ, ಅವರು ಪ್ರಶ್ನೆ ಕೇಳಿದ ರೀತಿಯನ್ನು ಓದುವುದಿಲ್ಲ. ಲೆಕ್ಕದ ಪುಸ್ತಕವನ್ನು ಕಂಡ ದಿನದಿಂದ 'ಏಕೆ' ಎಂಬ ಶಬ್ದವನ್ನು ನನ್ನ ಪ್ರಶ್ನಾವಳಿಯಿಂದ ಅಳಿಸಿದ್ದೇನೆ. 'ಅಂದು ಬೆಳಗ್ಗೆ ಎದ್ದು ಮೊದಲು ಏನು ಮಾಡಿದಿರಿ?' ಎಂದು ಕೇಳುತ್ತೇನೆ. ಕಾರಣವನ್ನು ಕೇಳಿದರೆ ಜನರು ಕಾರಣವನ್ನು ಕಟ್ಟಿಕೊಡುತ್ತಾರೆ. ದಿನವನ್ನು ಕೇಳಿದರೆ ಮೊದಲು ತಡವರಿಸುತ್ತಾರೆ, ಆಮೇಲೆ ನೆನೆಯುತ್ತಾರೆ.

ಭಾಷೆಯ ವಿಷಯದಲ್ಲಿಯೂ ಒಂದು ತಪ್ಪು ಮಾಡಿದೆ. 'ಸುಧಾರಿಸಿಕೊಂಡೆವು' ಎಂಬ ಅಕ್ಕನ ಮಾತನ್ನು ನನ್ನ ಪ್ರಬಂಧದ ಇಂಗ್ಲಿಷಿಗೆ ತಿರುಗಿಸುವಾಗ, ಜ್ವರದಿಂದ ಚೇತರಿಸಿಕೊಂಡುದನ್ನು ಹೇಳುವ ಶಬ್ದವನ್ನು ಬಳಸಿದೆ. ಆದರೆ ಓಡಿಬಂದವನು ಉಸಿರು ತಿರುಗಿಸಿಕೊಳ್ಳುವುದೂ ಸುಧಾರಿಸಿಕೊಳ್ಳುವುದೇ. ಮನೆಗೆ ಹಠಾತ್ತನೆ ಹತ್ತು ಮಂದಿ ಬಂದಾಗ ಇದ್ದುದರಲ್ಲಿ ಬಡಿಸಿ ಮಾನ ಉಳಿಸಿಕೊಳ್ಳುವುದೂ ಸುಧಾರಿಸಿಕೊಳ್ಳುವುದೇ. ಅಕ್ಕ ಈ ಮೂರು ಅರ್ಥಗಳಲ್ಲಿಯೂ ಒಟ್ಟಿಗೆ ಆಡಿದ್ದರು. ಈಗ ಆ ಪದವನ್ನು ಕನ್ನಡದಲ್ಲಿಯೇ ಉಳಿಸಿ ಅದರ ಸುತ್ತಲೂ ಒಂದು ಪುಟ ವಿವರಣೆ ಬರೆದಿದ್ದೇನೆ. ಪ್ರಬಂಧದಲ್ಲಿ ನಾನು ನಿಸ್ಸಂದೇಹವಾಗಿ ನನ್ನದೆಂದು ಹೇಳಬಲ್ಲ ಪುಟ ಅದೊಂದೇ.

ನೆನಪನ್ನು ಇಷ್ಟೊಂದು ಶಂಕಿಸುವುದು ನ್ಯಾಯವೇ ಎಂದು ನನ್ನನ್ನು ನಾನೇ ಕೇಳಿಕೊಂಡುದುಂಟು. ಯೂನಿಯನ್ ಸಿಟಿಯ ನಿಲ್ದಾಣದಿಂದ ಡಂಬಾರ್ಟನ್ ಸೇತುವೆಯ ಮೇಲೆ ಕೊಲ್ಲಿಯನ್ನು ದಾಟಿ ಹೋಗುವ ಬಸ್ಸು ಸ್ಟ್ಯಾನ್‌ಫರ್ಡನ್ನು ತಲುಪುತ್ತದೆ. ಅಲ್ಲಿನ ಅಧ್ಯಯನಕೇಂದ್ರವೊಂದರಲ್ಲಿ 1970ರ ಏಪ್ರಿಲ್ 24ರಂದು ಯಾರೋ ಇಟ್ಟ ಬೆಂಕಿಗೆ ಮೈಸೂರಿನ ಎಂ. ಎನ್. ಶ್ರೀನಿವಾಸರ ಸಂಸ್ಕರಿಸಿದ ಕ್ಷೇತ್ರಟಿಪ್ಪಣಿಗಳ ಮೂರು ಪ್ರತಿಗಳೂ ಬೂದಿಯಾದುವು. 1948ರಲ್ಲಿ ತಾವು ನಿಂತು ಅಭ್ಯಸಿಸಿದ್ದ, ರಾಂಪುರವೆಂದು ತಾವೇ ಹೆಸರಿಟ್ಟ ಹಳ್ಳಿಯನ್ನು ಅವರು ಬಹುಮಟ್ಟಿಗೆ ಸ್ಮರಣೆಯಿಂದಲೇ ಬರೆದರು, ಆ ಗ್ರಂಥ 1976ರಲ್ಲಿ ಪ್ರಕಟವಾಯಿತು. ಹಾಗಾದರೆ ನೆನಪಿನಿಂದ ಶಾಸ್ತ್ರವಾಗದೆ? ಆಗುತ್ತದೆ; ಆದರೆ ಅವರು ತಿಂಗಳುಗಟ್ಟಲೆ ಆ ಹಳ್ಳಿಯಲ್ಲಿ ವಾಸವಾಗಿದ್ದು, ಗದ್ದೆ ಜಗಲಿಗಳಲ್ಲಿ ಜನರೊಡನೆ ಕಾಲ ಕಳೆದು ಗಳಿಸಿದ್ದ ನೆನಪದು. ನಾನು ಮೂರು ಭೇಟಿಗಳಲ್ಲಿ ಒಟ್ಟು ನಾಲ್ಕು ಗಂಟೆ ಸೋಫಾದ ಮೇಲೆ ಕುಳಿತಿದ್ದೆ.

ಅಧ್ಯಾಯವನ್ನು ತೆಗೆಯುತ್ತೇನೆಂದಾಗ ಮಾರ್ಗದರ್ಶಕರು ಬಹಳ ಹೊತ್ತು ಸುಮ್ಮನಿದ್ದು, ಇದರಿಂದ ಒಂದು ವರ್ಷ ಹೆಚ್ಚಾದೀತೆಂದು ಮಾತ್ರ ಹೇಳಿದರು. ವರ್ಷ ಎರಡಾದುವು. ಈ ನಡುವೆ ಅದೇ ಲೆಕ್ಕದ ಪುಸ್ತಕವನ್ನು ದಂಪತಿಗಳಿಬ್ಬರ ನಡುವೆ ಇಟ್ಟು ನಾಲ್ಕು ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಯಜಮಾನರು ಆಗಸ್ಟ್ 11ರ ಸಾಲಿನ ಮೇಲೆ ಬೆರಳಿಟ್ಟು, ತಾವು ಅಂದು ಸಂಜೆ ಉಳಿದ ಪೊಟ್ಟಣಗಳನ್ನು ಗ್ಯಾರೇಜಿನ ಮೇಲಣ ಹಲಗೆಗೆ ಏರಿಸಿದುದನ್ನು ತಾವಾಗಿಯೇ ನೆನೆದುಕೊಂಡರು. ಬರುವ ಬುಧವಾರ ಬೆಳಗ್ಗೆ ಆರು ಗಂಟೆಗೇ ಬರಬೇಕೆಂದು ಅಕ್ಕ ಹೇಳಿಕಳುಹಿಸಿದ್ದಾರೆ. ಅಂದು ಸಾರಿನ ಪುಡಿಗೆ ಕೊತ್ತಂಬರಿ ಹುರಿಯುವ ದಿನ; ಹುರಿಯುತ್ತಲೇ ಮಾತಾಡುತ್ತಾರಂತೆ, ನಾನು ಫೋನನ್ನು ಒಲೆಯಿಂದ ದೂರ ಇಡಬೇಕಂತೆ.